ಹಿರಿಯ ವೇಷಧಾರಿಯ ತಿರುಗಾಟ, ಅಭಿಮಾನಿಯ ಅಳತೆಗೋಲು

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ, ವಿಶೇಷವಾಗಿ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳಲ್ಲಿ, ಒಬ್ಬನೇ ಕಲಾವಿದನನ್ನು ಮೂವತ್ತು ನಲವತ್ತು ವರ್ಷ ಬಿಡದೆ ನೋಡುತ್ತ ಬಂದ ಪ್ರೇಕ್ಷಕರ ವರ್ಗವೊಂದಿದೆ. ಇವರಲ್ಲಿ ಅಡಿಕೆ ತೋಟದವರಿದ್ದಾರೆ, ಶಾಲಾ ಮಾಸ್ತರರಿದ್ದಾರೆ, ಅಂಗಡಿ ಇಟ್ಟವರಿದ್ದಾರೆ, ಬಸ್ಸಿನ ಕಂಡಕ್ಟರರೂ ಇದ್ದಾರೆ. ಇವರನ್ನು ಊರಿನವರು ಅರ್ಧ ಮೆಚ್ಚುಗೆಯಿಂದ, ಅರ್ಧ ಚೇಷ್ಟೆಯಿಂದ ‘ಆಟದ ಹುಚ್ಚಿನವರು’ ಎಂದು ಕರೆಯುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಹಿರಿಯ ಗಿಟಾರ್ ವಾದಕನೊಬ್ಬ ಊರೂರು ಸುತ್ತಿ ಕಚೇರಿ ಕೊಡುವಾಗ ಅವನ ಹಳೆಯ ಅಭಿಮಾನಿಗಳು ನಗರದಿಂದ ನಗರಕ್ಕೆ ಹಿಂಬಾಲಿಸಿ ಹೋಗುವುದುಂಟು. ಅದೇ ಬಗೆಯ ನಿಷ್ಠೆ ಈ ಮೂರು ತಾಲೂಕುಗಳಲ್ಲಿ ಯಕ್ಷಗಾನದ ವೇಷಧಾರಿಗಳ ಸುತ್ತ ಬೆಳೆದಿದ್ದು, ಅದರ ಅತ್ಯಂತ ಸ್ಪಷ್ಟ ಉದಾಹರಣೆ ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಸಂದ ಅಭಿಮಾನ.

ಇಂಥ ಪ್ರೇಕ್ಷಕನಿಗೆ ಗೊತ್ತಿರುವುದು ಏನು ಎಂಬ ಪ್ರಶ್ನೆಯನ್ನು ವಿದ್ವಾಂಸರು ಹೆಚ್ಚಾಗಿ ಕೇಳಿಲ್ಲ. ಕಲಾವಿದನ ಬದುಕು, ಮೇಳದ ಇತಿಹಾಸ, ಪ್ರಸಂಗದ ಸಾಹಿತ್ಯ ಇವುಗಳ ಬಗ್ಗೆ ಗ್ರಂಥಗಳಿವೆ. ಎದುರಿನ ಚಾಪೆಯ ಮೇಲೆ ಕುಳಿತು ಒಂದೇ ಪಾತ್ರವನ್ನು ನೂರು ಸಲ ನೋಡಿದವನ ತಿಳಿವಳಿಕೆಯನ್ನು ಮಾತ್ರ ಬರೀ ಅಭಿಮಾನವೆಂದು ಬದಿಗಿಡುವುದು ವಾಡಿಕೆ. ಆದರೆ ಪ್ರತಿ ರಾತ್ರಿಯೂ ಹೊಸದಾಗಿ ಕಟ್ಟಿಕೊಳ್ಳುವ ಕಲೆಯಲ್ಲಿ ಒಂದು ರಾತ್ರಿಗೂ ಇನ್ನೊಂದು ರಾತ್ರಿಗೂ, ನಲವತ್ತರ ಪ್ರಾಯಕ್ಕೂ ಎಂಬತ್ತರ ಪ್ರಾಯಕ್ಕೂ ಇರುವ ವ್ಯತ್ಯಾಸವನ್ನು ಬಲ್ಲವನು ಆ ಪ್ರೇಕ್ಷಕನೊಬ್ಬನೇ ಆಗಿರುವುದರಿಂದ, ಕಲಾವಿದನ ಕಲೆಯಲ್ಲಿ ದೇಹಬಲದ ಪಾಲೆಷ್ಟು, ಬುದ್ಧಿಯ ಪಾಲೆಷ್ಟು ಎಂದು ಹೇಳಬಲ್ಲವನೂ ಅವನೇ ಆಗುತ್ತಾನೆ.

ತಿರುಗಾಟವೆಂಬ ವ್ಯವಸ್ಥೆ

ಯಕ್ಷಗಾನದ ತಂಡವನ್ನು ಮೇಳವೆಂದೂ, ಮೇಳವು ಊರಿಂದ ಊರಿಗೆ ಹೋಗಿ ಆಟವಾಡುವ ಹಂಗಾಮನ್ನು ತಿರುಗಾಟವೆಂದೂ ಕರೆಯುತ್ತಾರೆ. ಮಳೆಗಾಲ ಮುಗಿದು ಭತ್ತದ ಕೊಯ್ಲಾಗಿ ಗದ್ದೆ ಒಣಗುವ ಹೊತ್ತಿಗೆ, ಅಂದರೆ ದೀಪಾವಳಿಯ ಆಸುಪಾಸಿನಲ್ಲಿ ಹೊರಡುವ ಮೇಳ, ಮುಂಗಾರು ಹಿಡಿಯುವ ಮೊದಲು, ಮೇ ತಿಂಗಳ ಕೊನೆಯ ವೇಳೆಗೆ ಗೆಜ್ಜೆ ಬಿಚ್ಚುತ್ತದೆ. ಈ ಆರು ತಿಂಗಳು ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಆಟ. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ವೇಷಭೂಷಣಗಳನ್ನು ಪೆಟ್ಟಿಗೆಗೆ ತುಂಬಿ, ಲಾರಿಯಲ್ಲಿ ಮುಂದಿನ ಊರಿಗೆ ಹೋಗಿ, ಹಗಲು ಅಲ್ಲಿ ನಿದ್ದೆ ಮಾಡಿ, ಸಂಜೆ ಮತ್ತೆ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಸ್ಥಳದಲ್ಲಿ, ಕನ್ನಡಿ ಹಿಡಿದು ಕೂರುವುದು ವೃತ್ತಿ ಕಲಾವಿದನ ದಿನಚರಿ. ಮಳೆಗಾಲದಲ್ಲೂ ಪೂರ್ತಿ ಬಿಡುವಿಲ್ಲ. ಬೆಂಗಳೂರು, ಮುಂಬಯಿಯಂಥ ನಗರಗಳ ಸಭಾಂಗಣಗಳಿಗೆ, ವಲಸೆ ಹೋದ ಕರಾವಳಿಗರನ್ನು ನೆಚ್ಚಿಕೊಂಡು, ಮೇಳಗಳು ಹೋಗಿ ಬರುವುದುಂಟು.

ಆಟದ ಖರ್ಚು ಯಾರು ಹೊರುತ್ತಾರೆ ಎಂಬುದರ ಮೇಲೆ ಆಟದ ಬಗೆಯೂ ಬದಲಾಗುತ್ತದೆ. ದೇವರಿಗೆ ಹೇಳಿಕೊಂಡ ಹರಕೆ ತೀರಿಸಲು ಭಕ್ತರು ಆಡಿಸುವುದು ಹರಕೆ ಆಟ. ಹೊನ್ನಾವರ ತಾಲೂಕಿನ ಗುಂಡಬಾಳಾದ ಮುಖ್ಯಪ್ರಾಣ ದೇವಸ್ಥಾನ ಇಂಥ ಆಟಗಳಿಗೆ ಹೆಸರಾದ ಸ್ಥಳವಾಗಿದ್ದು, ಈ ಭಾಗದ ಅನೇಕ ವೇಷಧಾರಿಗಳು ಗೆಜ್ಜೆ ಕಟ್ಟಿ ಪಳಗಿದ್ದು ಅಲ್ಲಿಯೇ. ಊರಿನ ಸಂಘಟಕರು ಮೇಳದ ಯಜಮಾನನಿಗೆ ಮೊತ್ತ ಗೊತ್ತುಮಾಡಿ ಕರೆಸಿ, ಟಿಕೆಟ್ ಹಣವನ್ನು ತಾವು ಎತ್ತಿಕೊಳ್ಳುವುದು ಕಂಟ್ರಾಕ್ಟ್ ಆಟ. ಮೇಳವೇ ಬಯಲಿಗೆ ಡೇರೆ ಸುತ್ತಿ, ಕುರ್ಚಿಗೊಂದು ದರ, ನೆಲಕ್ಕೊಂದು ದರ ಎಂದು ಟಿಕೆಟ್ ಮಾರುವುದು ಡೇರೆ ಮೇಳದ ಪದ್ಧತಿ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಡೇರೆ ಮೇಳಗಳು ಬಲಗೊಂಡ ಮೇಲೆ ಯಕ್ಷಗಾನಕ್ಕೆ ಗಲ್ಲಾಪೆಟ್ಟಿಗೆ ಬಂತು, ಗಲ್ಲಾಪೆಟ್ಟಿಗೆಯ ಜೊತೆಗೆ ‘ತಾರಾ ವೇಷಧಾರಿ’ಯೂ ಬಂದ. ಹರಕೆ ಆಟದಲ್ಲಿ ದೇವರ ಹೆಸರಿಗೆ ಸೇರುವ ಜನ ಡೇರೆ ಆಟಕ್ಕೆ ಕಲಾವಿದನ ಹೆಸರು ಕೇಳಿ ಬರತೊಡಗಿದಾಗ, ಇವತ್ತು ನಾವು ಅಭಿಮಾನಿ ಎಂದು ಕರೆಯುವವನು ಹುಟ್ಟಿಕೊಂಡ.

ಇಲ್ಲಿನ ತಿರುಗಾಟದ ಹರವು ಕರಾವಳಿಗಷ್ಟೇ ಸೀಮಿತವಾಗಿರಲಿಲ್ಲ ಎಂಬುದಕ್ಕೆ ಹಳೆಯ ಸಾಕ್ಷ್ಯವೊಂದಿದೆ. ಉತ್ತರ ಕನ್ನಡದ ಭಾಗವತ ಮೇಳವೊಂದು 1842ರ ಸುಮಾರಿಗೆ ಘಟ್ಟ ಹತ್ತಿ ಸಾಂಗ್ಲಿಯವರೆಗೆ ಹೋಗಿ ಅಲ್ಲಿನ ಅರಸ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತೆಂದೂ, ಅದನ್ನು ಕಂಡ ಅರಸರ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ನಾಟಕವನ್ನು ಆಡಿಸಿದರೆಂದೂ ಮರಾಠಿ ರಂಗಭೂಮಿಯ ಇತಿಹಾಸಕಾರರು ದಾಖಲಿಸಿದ್ದಾರೆ. ಆ ಮೇಳ ಹೊನ್ನಾವರದ ಮಗ್ಗುಲಲ್ಲಿರುವ ಕರ್ಕಿಯ ಹಾಸ್ಯಗಾರ ಮನೆತನದ್ದೆಂದು ಕನ್ನಡ ವಿದ್ವಾಂಸರು ಗುರುತಿಸಿದ್ದಾರೆ. ಆಧುನಿಕ ಮರಾಠಿ ನಾಟಕದ ಆರಂಭಕ್ಕೆ ಹೊನ್ನಾವರದ ಕಡೆಯ ಒಂದು ತಿರುಗಾಟ ನೆಪವಾಯಿತೆಂಬ ಈ ಸಂಗತಿ ಸ್ಥಳೀಯರ ಹೆಮ್ಮೆಯ ಮಾತಾಗಿ ಇಂದಿಗೂ ಉಳಿದಿದೆ.

ಮೂರು ತಾಲೂಕು, ಒಂದು ಹೆದ್ದಾರಿ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ಒಂದೇ ರಾಷ್ಟ್ರೀಯ ಹೆದ್ದಾರಿಯ ಮೇಲೆ, ದಕ್ಷಿಣದಿಂದ ಉತ್ತರಕ್ಕೆ ಇದೇ ಕ್ರಮದಲ್ಲಿ ಬರುವ ಊರುಗಳಾದರೂ ಯಕ್ಷಗಾನದ ಭೂಪಟದಲ್ಲಿ ಒಂದೊಂದರ ಪಾತ್ರ ಒಂದೊಂದು ಬಗೆಯದು. ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಎಂಬ ಎರಡು ಮುಖ್ಯ ಸಂಪ್ರದಾಯಗಳಿದ್ದು, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕಡೆಯದು ತೆಂಕು, ಉಡುಪಿಯಿಂದ ಬಡಗಿನದು ಬಡಗು. ಈ ಬಡಗಿನೊಳಗೇ ಹಾರಾಡಿ, ಮಟಪಾಡಿಗಳ ಹೆಸರಿನಲ್ಲಿ ಗುರುತಿಸುವ ದಕ್ಷಿಣದ ಶೈಲಿಗೂ, ಅಭಿನಯಕ್ಕೆ ಹೆಚ್ಚು ಒತ್ತು ಕೊಟ್ಟ ಉತ್ತರ ಕನ್ನಡದ ಶೈಲಿಗೂ ಗಮನಾರ್ಹ ಅಂತರವಿದೆ; ಎರಡನೆಯದನ್ನು ಬಡಾಬಡಗು ಎಂದು ಬೇರೆಯಾಗಿಯೇ ಕರೆಯುವವರಿದ್ದಾರೆ. ಶಿರೂರಿನ ಗಡಿ ದಾಟಿದ ಕೂಡಲೇ ಸಿಗುವ ಭಟ್ಕಳ ತಾಲೂಕು ಈ ಎರಡು ಶೈಲಿಗಳು ಸಂಧಿಸುವ ಸ್ಥಳ. ಕುಂದಾಪುರದ ಕಡೆಯ ಮೇಳಗಳು ಬಡಗು ಮುಖವಾಗಿಯೂ, ಹೊನ್ನಾವರದ ಕಲಾವಿದರು ತೆಂಕು ಮುಖವಾಗಿಯೂ ಹೊರಟಾಗ ಶಿರಾಲಿ, ಮುರ್ಡೇಶ್ವರದ ಪ್ರೇಕ್ಷಕ ಇಬ್ಬರನ್ನೂ ನೋಡುತ್ತಾನೆ. ಆದ್ದರಿಂದ ಇಲ್ಲಿನ ಅಭಿಮಾನಿಗೆ ತುಲನೆ ಅಭ್ಯಾಸಬಲದಿಂದ ಬಂದ ಗುಣ.

ಹೊನ್ನಾವರ ತಾಲೂಕು ಕಲಾವಿದರನ್ನು ಕೊಟ್ಟ ನೆಲ. ಗುಣವಂತೆಯ ಬಳಿಯ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಮಹಾಬಲ ಹೆಗಡೆ, ಶಂಭು ಹೆಗಡೆಯವರಂಥ ಕಲಾವಿದರ ಮೂಲಕ ಬೆಳೆದು ಇಂದಿಗೂ ನಡೆಯುತ್ತಿದೆ. ಶರಾವತಿಯ ಎರಡೂ ದಂಡೆಗಳಲ್ಲಿ ಕರ್ಕಿ, ಜಲವಳ್ಳಿ, ಕಡತೋಕಾ, ಇಡಗುಂಜಿ ಎಂದು ಊರಿನ ಹೆಸರನ್ನೇ ಮನೆತನದ ಹೆಸರಿನಂತೆ ಹೊತ್ತ ಕಲಾವಿದರ ಸಾಲೇ ಇದೆ. ಅಘನಾಶಿನಿಯ ಕಡೆಯ ಕುಮಟಾ ತಾಲೂಕು ಹಿಮ್ಮೇಳಕ್ಕೆ, ಅಂದರೆ ಹಾಡುಗಾರ ಭಾಗವತ ಮತ್ತು ಮದ್ದಳೆ, ಚಂಡೆ ವಾದಕರ ವಿಭಾಗಕ್ಕೆ, ಕೊಟ್ಟ ಕೊಡುಗೆ ದೊಡ್ಡದು. ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಭಾಗವತರಾಗಿದ್ದು 2024ರ ಏಪ್ರಿಲ್‌ನಲ್ಲಿ ತೀರಿಕೊಂಡ ಸುಬ್ರಹ್ಮಣ್ಯ ಧಾರೇಶ್ವರರು ಈ ತಾಲೂಕಿನ ಗೋಕರ್ಣ ಮೂಲದವರು.

ನದಿಗಳಿಗೆ ಸೇತುವೆಗಳಾಗುವ ಮುನ್ನ ಈ ದಾರಿಯಲ್ಲಿ ಆಟ ನೋಡಲು ಹೋಗುವುದು ದೋಣಿ, ಕಾಲ್ನಡಿಗೆ ಮತ್ತು ಸೂಡಿಯ ಬೆಳಕಿನ ವ್ಯವಹಾರವಾಗಿತ್ತು. ಅನಂತರ ಬಸ್ಸುಗಳು ಬಂದವು, 1998ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದುಕೊಂಡಿತು, ಬೈಕುಗಳು ಮನೆ ಮನೆಗೂ ಬಂದವು. ಸಾರಿಗೆ ಸುಲಭವಾದಷ್ಟೂ ಅಭಿಮಾನಿಯ ವ್ಯಾಪ್ತಿ ಹಿಗ್ಗಿತು. ತನ್ನ ಊರಿಗೆ ಬಂದ ಆಟವನ್ನು ನೋಡುತ್ತಿದ್ದವನು ಸೋಮವಾರ ಮಂಕಿಯಲ್ಲಿ, ಬುಧವಾರ ಮಿರ್ಜಾನಿನಲ್ಲಿ ಅದೇ ಪಾತ್ರವನ್ನು ಮತ್ತೆ ನೋಡುವಂತಾದಾಗ, ಕಥೆ ಏನಾಗುತ್ತದೆ ಎಂಬ ಕುತೂಹಲ ಪೂರ್ತಿ ಕಳಚಿಕೊಂಡು, ಇವತ್ತು ಹೇಗಾಗುತ್ತದೆ ಎಂಬ ಕುತೂಹಲ ಮಾತ್ರ ಉಳಿಯಿತು.

ಹೊಸಾಕುಳಿಯಿಂದ ಪದ್ಮಶ್ರೀಯವರೆಗೆ

ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹೊನ್ನಾವರ ತಾಲೂಕಿನ ಹೊಸಾಕುಳಿಯಲ್ಲಿ 1933ರ ಜನವರಿ 1ರಂದು ಹುಟ್ಟಿದರು. ಶಾಲೆ ಎರಡನೆಯ ಇಯತ್ತೆಗೇ ನಿಂತಿತು. ಗೆಜ್ಜೆ ಬಾಲ್ಯದಲ್ಲೇ ಕಾಲಿಗೆ ಬಂತು. ಅಮೃತೇಶ್ವರಿ, ಪೆರ್ಡೂರು ಮೊದಲಾದ ಮೇಳಗಳಲ್ಲಿ ಅವರು ಪ್ರಧಾನ ವೇಷಧಾರಿಯಾಗಿ ತಿರುಗಾಟ ಮಾಡಿದರು. ಭಸ್ಮಾಸುರ, ಕೀಚಕ, ದುಷ್ಟಬುದ್ಧಿ, ಕೌರವ, ಮಾಗಧ ಮುಂತಾದ ಖಳ ಅಥವಾ ಪ್ರತಿನಾಯಕ ಪಾತ್ರಗಳು ಅವರ ಹೆಸರಿನೊಂದಿಗೇ ಬೆಸೆದುಹೋದವು. 2012ರಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರಿಗೆ ಪದ್ಮಶ್ರೀ ಬಂತು. ಯಕ್ಷಗಾನ ಕಲಾವಿದರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಎಂಬತ್ತು ದಾಟಿದ ಮೇಲೂ ಬಣ್ಣ ಹಚ್ಚುತ್ತಿದ್ದ ಅವರು 2017ರ ಅಕ್ಟೋಬರ್ 3ರಂದು ಮಣಿಪಾಲದಲ್ಲಿ ನಿಧನರಾದರು.

ಅವರ ಶೈಲಿಯ ವಿಶೇಷವನ್ನು ಅರಿಯಲು ಯಕ್ಷಗಾನದ ಪ್ರದರ್ಶನ ಕ್ರಮವನ್ನು ಸ್ವಲ್ಪ ತಿಳಿದಿರಬೇಕು. ಪ್ರಸಂಗವೆಂಬ ಪದ್ಯಕಾವ್ಯವನ್ನು ಭಾಗವತ ಒಂದೊಂದು ಪದ್ಯವಾಗಿ ಹಾಡುತ್ತಾನೆ. ಹಾಡಿನ ಹೊತ್ತಿನಲ್ಲಿ ವೇಷಧಾರಿ ಕುಣಿತ ಮತ್ತು ಅಭಿನಯದಿಂದ ಪದ್ಯದ ಭಾವವನ್ನು ತೋರಿಸುತ್ತಾನೆ. ಪದ್ಯ ಮುಗಿದಾಗ ಚಂಡೆ ಮದ್ದಳೆಗಳ ಬಿಡ್ತಿಗೆ, ಅಂದರೆ ಮುಕ್ತಾಯದ ವಾದನ, ನುಡಿಯುತ್ತದೆ. ಅನಂತರ ವೇಷಧಾರಿ ಅದೇ ಪದ್ಯದ ಹುರುಳನ್ನು ಆಶುವಾಗಿ ಗದ್ಯದಲ್ಲಿ ಆಡುತ್ತಾನೆ, ಇದಕ್ಕೆ ಅರ್ಥಗಾರಿಕೆ ಎಂದು ಹೆಸರು. ಪ್ರದರ್ಶನಕ್ಕೆ ಮೊದಲು ತಾಲೀಮು ಎಂಬುದಿಲ್ಲ. ಭಾಗವತನ ದನಿ, ಮದ್ದಳೆಯ ಪೆಟ್ಟು, ವೇಷಧಾರಿಯ ಕಣ್ಣು ಇವುಗಳ ನಡುವಿನ ತಕ್ಷಣದ ಸಂಜ್ಞೆಗಳಿಂದಲೇ ಎಲ್ಲವೂ ನಡೆಯಬೇಕು. ಈ ಚೌಕಟ್ಟಿನೊಳಗೆ ಕೆಲವರು ಅರ್ಥಗಾರಿಕೆಯನ್ನು ಬೆಳೆಸಿದರು, ಕೆಲವರು ಕುಣಿತವನ್ನು. ಚಿಟ್ಟಾಣಿಯವರು ಬೆಳೆಸಿದ್ದು ಪದ್ಯ ಹಾಡುವ ಹೊತ್ತಿನ ಅಭಿನಯವನ್ನು; ಮಾತಿಗೆ ಮೊದಲೇ ಹೇಳಬೇಕಾದದ್ದನ್ನೆಲ್ಲ ಕಣ್ಣು, ಕತ್ತು, ಹುಬ್ಬು, ಬೆರಳುಗಳಲ್ಲಿ ಹೇಳಿ ಮುಗಿಸಿ, ಅರ್ಥವನ್ನು ಚಿಕ್ಕದಾಗಿ ಆಡುವುದು ಅವರ ರೀತಿಯಾಗಿತ್ತು.

ಒಂದು ಸಂದರ್ಭವನ್ನು ಹತ್ತಿರದಿಂದ ನೋಡಬಹುದು. ಭಸ್ಮಾಸುರ ಮೋಹಿನಿಯ ಪ್ರಸಂಗದಲ್ಲಿ, ತಲೆಯ ಮೇಲೆ ಕೈಯಿಟ್ಟವರನ್ನು ಭಸ್ಮ ಮಾಡುವ ವರ ಪಡೆದ ಅಸುರ ಮೋಹಿನಿಗೆ ಮರುಳಾಗಿ, ಅವಳು ಕುಣಿದಂತೆ ತಾನೂ ಕುಣಿಯಲು ಒಪ್ಪುತ್ತಾನೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು: ಕುಣಿಯುತ್ತ ಕುಣಿಯುತ್ತ ಅವನ ಕೈ ಅವನ ತಲೆಗೇ ಹೋಗುತ್ತದೆ. ಆದ್ದರಿಂದ ಇಲ್ಲಿ ನಟನಿಗಿರುವ ಸವಾಲು ಕೊನೆಯದಲ್ಲ, ಅಲ್ಲಿಗೆ ಹೋಗುವ ದಾರಿಯದು. ಮೊದಲು ಗಂಡಿನ ಗತ್ತಿನಿಂದ ಕಾಲು ಬಡಿಯುವ ಅಸುರನಿಗೆ ಹೆಣ್ಣಿನ ಲಾಲಿತ್ಯ ಕೂಡಿಬರುವುದಿಲ್ಲ. ತಪ್ಪಿದಾಗ ನಾಚಿಕೆ, ಸರಿಯಾದಾಗ ಮಗುವಿನ ಹಿಗ್ಗು, ನಡುವೆ ಮೋಹಿನಿ ಮೆಚ್ಚಿದಳೇ ಎಂಬ ಕಳ್ಳನೋಟ. ಕಣ್ಣು ಪೂರ್ತಿ ಮೋಹಿನಿಯ ಮೇಲಿದ್ದರೆ ಮಾತ್ರ ಕೈ ಎಲ್ಲಿಗೆ ಹೋಯಿತೆಂಬುದು ಅವನಿಗೆ ಗೊತ್ತಾಗದಿರುವುದು ನಂಬುವಂತಾಗುತ್ತದೆ; ಕಣ್ಣು ಒಂದು ಕ್ಷಣ ಕೈಯ ಕಡೆಗೆ ಹೊರಳಿದರೂ ಇಡೀ ದೃಶ್ಯ ಕುಸಿಯುತ್ತದೆ. ಖಳನ ಬಗ್ಗೆ ಹಗೆ ಹುಟ್ಟಿಸುವ ಬದಲು, ಸಾಯುವ ಮುನ್ನ ಅವನ ಮೇಲೆ ಒಂದಿಷ್ಟು ಕನಿಕರ ಮೂಡುವಂತೆ ಮಾಡಿದ್ದು ಚಿಟ್ಟಾಣಿಯವರ ಭಸ್ಮಾಸುರನ ಹೆಚ್ಚುಗಾರಿಕೆಯೆಂದು ಹಳೆಯ ಪ್ರೇಕ್ಷಕರು ನೆನೆಯುತ್ತಾರೆ.

ವಯಸ್ಸು ಕಳೆದದ್ದು, ಉಳಿಸಿದ್ದು

ಬಡಗುತಿಟ್ಟಿನ ಕುಣಿತ ದೇಹವನ್ನು ದಂಡಿಸುವಂಥದು. ತಲೆಯ ಮೇಲೆ ಕಿರೀಟ ಅಥವಾ ಮುಂಡಾಸು, ಎದೆ ಭುಜಗಳಿಗೆ ಮರದ ಆಭರಣ, ಸೊಂಟಕ್ಕೆ ದಪ್ಪ ಸೀರೆಯ ನಿರಿಗೆ, ಕಾಲಿಗೆ ಗೆಜ್ಜೆ ಇವುಗಳ ಭಾರವನ್ನು ಹೊತ್ತು ಹೆಜ್ಜೆ ಹಾಕುವುದಲ್ಲದೆ, ನೆಲಕ್ಕೆ ಮೊಣಕಾಲೂರಿ ರಂಗಸ್ಥಳದಲ್ಲಿ ಗಿರಗಿರನೆ ಸುತ್ತುವ ‘ಮಂಡಿ’ ಎಂಬ ಕುಣಿತವೂ ಇಲ್ಲಿ ಪ್ರಸಿದ್ಧ. ವರ್ಷಗಟ್ಟಲೆ ಗದ್ದೆಯ ನೆಲದ ಮೇಲೆ ಹೀಗೆ ಕುಣಿದವರ ಮೊಣಕಾಲು ಅರುವತ್ತರ ಹೊತ್ತಿಗೆ ಸೋಲುವುದು ಸಹಜ. ಆ ವಯಸ್ಸಿನಲ್ಲಿ ಹೆಚ್ಚಿನ ವೇಷಧಾರಿಗಳು ಮೇಳದ ನಿತ್ಯದ ತಿರುಗಾಟ ಬಿಟ್ಟು, ಆಯ್ದ ಆಟಗಳಿಗೆ ಅತಿಥಿ ಕಲಾವಿದರಾಗಿ ಬರುತ್ತಾರೆ. ಅವರ ಪಾಲಿಗೆ ಇಡೀ ರಾತ್ರಿಯ ಪ್ರಸಂಗದಲ್ಲಿ ಒಂದು ಅಥವಾ ಎರಡು ತಾಸಿನ ಪಾತ್ರ ಮೀಸಲಾಗಿರುತ್ತದೆ.

ಹಳೆಯ ಅಭಿಮಾನಿಯ ನೋಟಕ್ಕೆ ನಿಜವಾದ ಕೆಲಸ ಸಿಗುವುದು ಇಲ್ಲಿಂದ. ಮಂಡಿ ಹೋಯಿತು, ಗಿರಕಿಗಳು ತಗ್ಗಿದವು, ರಂಗಸ್ಥಳದ ಉದ್ದಗಲಕ್ಕೆ ಸುಳಿಯುತ್ತಿದ್ದ ಪಾತ್ರ ಮಧ್ಯದ ನಾಲ್ಕು ಹೆಜ್ಜೆಗಳಿಗೆ ಇಳಿಯಿತು. ಮೊದಲ ಬಾರಿ ನೋಡುವವನಿಗೆ ಇದು ಕೊರತೆಯಾಗಿ ಕಾಣಬಹುದು ಅಥವಾ ಕೊರತೆಯೇ ಗೊತ್ತಾಗದೆ ಹೋಗಬಹುದು. ಎರಡನ್ನೂ ಕಂಡವನಿಗೆ ಮಾತ್ರ, ಹಿಂದೆ ಆರು ಸುತ್ತಿನಲ್ಲಿ ತೋರಿಸುತ್ತಿದ್ದ ಕೀಚಕನ ಆತುರ ಈಗ ಶಾಲಿನ ತುದಿಯನ್ನು ಎರಡು ಬಾರಿ ಸರಿಪಡಿಸಿಕೊಳ್ಳುವುದರಲ್ಲಿ ಬಂದುಹೋಯಿತೆಂಬುದು ಹೊಳೆಯುತ್ತದೆ. ತಾಳದ ಮೇಲಿನ ಹಿಡಿತ, ಪದ್ಯದ ಯಾವ ಶಬ್ದಕ್ಕೆ ನಿಲ್ಲಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂಬ ವಿವೇಕ, ಭಾಗವತನಿಗೆ ಅದೇ ಸಾಲನ್ನು ಮತ್ತೆ ಎತ್ತಿಸುವ ಕಣ್ಸನ್ನೆ ಇವು ಮೊಣಕಾಲನ್ನು ಅವಲಂಬಿಸಿಲ್ಲ. ತಾರುಣ್ಯದ ಅಬ್ಬರದಲ್ಲಿ ಈ ಗುಣಗಳೂ ಇದ್ದವು, ಆದರೆ ಮುಚ್ಚಿಹೋಗಿದ್ದವು. ಅಬ್ಬರ ಇಳಿದಾಗ ಅವು ತಾವಾಗಿ ಎದ್ದು ಕಂಡವು.

ಇದು ಯಕ್ಷಗಾನಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ಅಮೆರಿಕದ ಬ್ಲೂಸ್ ಸಂಗೀತದ ಗಿಟಾರ್ ವಾದಕ ಬಿ. ಬಿ. ಕಿಂಗ್ 1956ರ ಒಂದೇ ವರ್ಷದಲ್ಲಿ 342 ಕಚೇರಿ ನಡೆಸಿದರೆಂಬುದು ಪ್ರಸಿದ್ಧ. ಊರೂರು ಸುತ್ತುವ ಆ ಬದುಕು ನಮ್ಮ ಡೇರೆ ಮೇಳದ ಕಲಾವಿದನಿಗೆ ಅಪರಿಚಿತವೇನಲ್ಲ. 2015ರಲ್ಲಿ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ ಅವರು ಅದರ ಹಿಂದಿನ ವರ್ಷದವರೆಗೂ ಕಚೇರಿ ನಡೆಸುತ್ತಿದ್ದರು, ಕೊನೆಯ ವರ್ಷಗಳಲ್ಲಿ ಕುರ್ಚಿಯಲ್ಲಿ ಕುಳಿತೇ ನುಡಿಸುತ್ತಿದ್ದರು. ವೇಗಕ್ಕಿಂತಲೂ ಒಂದೇ ಸ್ವರವನ್ನು ತಂತಿಯ ಮೇಲೆ ಜಗ್ಗಿ ಕಂಪಿಸಿ ಹಾಡಿಸುವುದಕ್ಕೆ ಹೆಸರಾಗಿದ್ದ ಆ ವಾದಕರ ಹಳೆಯ ಕೇಳುಗರು ಕೊನೆಯ ದಿನಗಳಲ್ಲಿ ಕಾದು ಕುಳಿತಿದ್ದು ಆ ಒಂದು ಸ್ವರಕ್ಕೆ. ಮುಪ್ಪಿನ ಕಲಾವಿದನ ಎದುರಿನಲ್ಲಿ ಹಳೆಯ ಅಭಿಮಾನಿಯ ನಿರೀಕ್ಷೆ ಎಲ್ಲ ಕಡೆಯೂ ಹೀಗೆ ಸಣ್ಣದಾಗುತ್ತ, ಆದರೆ ಸೂಕ್ಷ್ಮವಾಗುತ್ತ ಹೋಗುತ್ತದೆ.

ಶಂಭು ಹೆಗಡೆಯವರ ಕೊನೆಯ ಪಾತ್ರ ಈ ನಿರೀಕ್ಷೆಗೆ ಬೇರೊಂದು ಅರ್ಥ ಕೊಟ್ಟಿತು. 2009ರ ಫೆಬ್ರುವರಿ ಆರಂಭದಲ್ಲಿ ಇಡಗುಂಜಿಯಲ್ಲಿ ‘ಲವಕುಶ’ ಪ್ರಸಂಗದ ರಾಮನ ಪಾತ್ರ ಮಾಡುತ್ತಿರುವಾಗಲೇ ಅಸ್ವಸ್ಥರಾಗಿ ಅವರು ತೀರಿಕೊಂಡರು. ಮಕ್ಕಳನ್ನು ಗುರುತಿಸದೆ ಅವರೊಡನೆ ಕಾದುವ, ಬಾಳಿನ ಇಳಿಹೊತ್ತಿನ ರಾಮನ ಪಾತ್ರವದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಹಾಬಲ ಹೆಗಡೆಯವರೂ ತೀರಿಕೊಂಡಾಗ, ಹೊನ್ನಾವರದ ಪ್ರೇಕ್ಷಕರ ಒಂದು ತಲೆಮಾರಿಗೆ ತಾವು ನೋಡಿದ್ದು ಇನ್ನು ತಮ್ಮ ನೆನಪಿನಲ್ಲಿ ಮಾತ್ರ ಇದೆ ಎಂಬ ಅರಿವಾಯಿತು.

ಅಭಿಮಾನದ ಇನ್ನೊಂದು ಮುಖ

ಅಭಿಮಾನವನ್ನು ಬರೀ ಹೊಗಳುವುದು ಸರಿಯಾಗಲಾರದು. ಪ್ರೇಕ್ಷಕನ ಒತ್ತಾಯ ಕಲಾವಿದನನ್ನು ಬೆಳೆಸುವಂತೆಯೇ ಕಟ್ಟಿಹಾಕಲೂಬಹುದು. ಚಿಟ್ಟಾಣಿಯವರೆಂದರೆ ಭಸ್ಮಾಸುರ, ಚಿಟ್ಟಾಣಿಯವರೆಂದರೆ ಕೀಚಕ ಎಂದು ಸಂಘಟಕರು ನಾಲ್ಕಾರು ಪಾತ್ರಗಳನ್ನೇ ಮತ್ತೆ ಮತ್ತೆ ಕೇಳಿದರು. ಶಿಳ್ಳೆ ಮತ್ತು ಚಪ್ಪಾಳೆಗಳಿಗೆ ಸ್ಪಂದಿಸಿ ಒಂದೇ ಪದ್ಯವನ್ನು ಎಳೆದಾಗ ಪ್ರಸಂಗದ ಉಳಿದ ಭಾಗ ಮೊಟಕಾಗುತ್ತಿತ್ತು. ಪಾತ್ರಕ್ಕಿಂತ ಪಾತ್ರಧಾರಿ ದೊಡ್ಡವನಾದಾಗ ಕಥೆಯ ಔಚಿತ್ಯ, ಅಂದರೆ ಯಾವುದು ಎಲ್ಲಿ ಎಷ್ಟು ಸಲ್ಲುತ್ತದೆ ಎಂಬ ಹದ, ತಪ್ಪುತ್ತದೆ ಎಂಬ ಆಕ್ಷೇಪವನ್ನು ವಿಮರ್ಶಕರು ಎತ್ತುತ್ತ ಬಂದರು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರಿಗೂ ಡೇರೆ ಮೇಳಗಳ ಜನಪ್ರಿಯತೆಯ ಹಾದಿ ಒಪ್ಪಿಗೆಯಾಗಿರಲಿಲ್ಲ. ಅವರು ಮಾತನ್ನು ಕಳೆದು ನೃತ್ಯ ಮತ್ತು ಗಾನವನ್ನು ಮುಂದಿಟ್ಟ ಪ್ರಯೋಗಗಳತ್ತ ಹೊರಳಿದರು.

ಹೊನ್ನಾವರದೊಳಗೇ ಈ ಚರ್ಚೆ ಎರಡು ಪಕ್ಷಗಳಾಗಿ ನಡೆಯಿತು. ಕೆರೆಮನೆಯವರ ಸಂಯಮ, ಪಾತ್ರದ ಔಚಿತ್ಯ ಮತ್ತು ವಿಚಾರಪೂರ್ಣ ಅರ್ಥಗಾರಿಕೆಯನ್ನು ಮೆಚ್ಚಿದವರು ಚಿಟ್ಟಾಣಿಯವರ ಅಭಿನಯವನ್ನು ಅತಿಯೆಂದರು. ಚಿಟ್ಟಾಣಿಯವರನ್ನು ಮೆಚ್ಚಿದವರು ಎದುರಿನ ಶೈಲಿಯಲ್ಲಿ ಬಿಸಿ ಸಾಲದೆಂದರು. ಮದುವೆ ಮನೆಯ ಪಂಕ್ತಿಯಲ್ಲಿ, ಪೇಟೆಯ ಚಾದಂಗಡಿಯಲ್ಲಿ, ಮರುದಿನದ ತೋಟದ ಕೆಲಸದ ನಡುವೆ ನಡೆದ ಈ ವಾದಗಳಲ್ಲಿ ಸೂಕ್ಷ್ಮ ವಿಮರ್ಶೆಯೇ ಇತ್ತು. ವಾದಿಸುವವರು ಎರಡೂ ಪಕ್ಷದ ಆಟಗಳನ್ನು ನೋಡಿರುತ್ತಿದ್ದರು. ಮಹಾಬಲ ಹೆಗಡೆಯವರೂ ಚಿಟ್ಟಾಣಿಯವರೂ ಒಂದೇ ರಂಗದಲ್ಲಿ ಎದುರಾಗುವ ಆಟವಿದ್ದರೆ ಎರಡೂ ಪಕ್ಷದವರು ಜೊತೆಯಾಗಿಯೇ ವಾಹನ ಮಾಡಿಕೊಂಡು ಹೋಗುತ್ತಿದ್ದರು. ಒಬ್ಬ ಕಲಾವಿದನನ್ನು ಚೆನ್ನಾಗಿ ನೋಡಲು ಅವನಿಗೆ ಎದುರಾದ ಇನ್ನೊಬ್ಬನನ್ನೂ ಅಷ್ಟೇ ಚೆನ್ನಾಗಿ ನೋಡಬೇಕೆಂಬ ಪಾಠ ಈ ಪ್ರೇಕ್ಷಕರಿಗೆ ಯಾವ ಗ್ರಂಥದಿಂದಲೂ ಬಂದದ್ದಲ್ಲ.

ಕ್ಯಾಸೆಟ್ಟಿಗೆ ಸಿಗದದ್ದು

ಯಕ್ಷಗಾನದ ದಾಖಲೆ ತಡವಾಗಿ ಆರಂಭವಾಯಿತು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಅಭಿಮಾನಿಗಳು ಟೇಪ್ ರೆಕಾರ್ಡರನ್ನು ರಂಗಸ್ಥಳದ ಬದಿಯಲ್ಲಿಟ್ಟು ತುಂಬಿಕೊಂಡ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಪ್ರತಿಯಾಗುತ್ತ ಹರಡಿದವು. ಸಾಲಿಗ್ರಾಮ ಮೇಳದ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ, ಮೂವತ್ತೆರಡು ತುಂಬುವ ಮೊದಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರ ಕಂಠ ಮುಂದಿನ ತಲೆಮಾರಿಗೆ ತಲುಪಲು ಈ ಕ್ಯಾಸೆಟ್ಟುಗಳ ಪಾತ್ರ ದೊಡ್ಡದಾಗಿತ್ತು. ಆದರೆ ಹಾಡನ್ನು ಹಿಡಿದಿಟ್ಟ ಕ್ಯಾಸೆಟ್ಟು ಅಭಿನಯಕ್ಕೆ ಕುರುಡು. ಉಪ್ಪೂರು ನಾರಾಯಣ ಭಾಗವತರ ಪದ್ಯಕ್ಕೆ ಅಮೃತೇಶ್ವರಿ ಮೇಳದಲ್ಲಿ ಹರೆಯದ ಚಿಟ್ಟಾಣಿಯವರು ಹೇಗೆ ಕುಣಿದರೆಂಬುದು ಅದರಲ್ಲಿ ಕಾಣುವುದಿಲ್ಲ. ಕೇಳಿಸುವುದು ಗೆಜ್ಜೆಯ ಸದ್ದು ಮತ್ತು ಜನರ ಕೂಗು ಮಾತ್ರ.

ಅನಂತರ ವಿಡಿಯೋ ಬಂತು, ಇಂದು ಮೊಬೈಲ್ ತೆರೆಯಲ್ಲಿ ಬೇಕಾದ ದೃಶ್ಯ ಸಿಗುತ್ತದೆ. ಹೀಗೆ ಸಿಗುವ ಚಿಟ್ಟಾಣಿಯವರ ಹೆಚ್ಚಿನ ದೃಶ್ಯಗಳು ಅವರ ವೃದ್ಧಾಪ್ಯದವು, ಏಕೆಂದರೆ ಕ್ಯಾಮೆರಾಗಳು ಅಗ್ಗವಾದದ್ದೇ ಆ ಕಾಲದಲ್ಲಿ. ಇದರ ಪರಿಣಾಮವಾಗಿ ಹೊಸ ತಲೆಮಾರಿನವರು ಎಪ್ಪತ್ತೈದರ ಚಿಟ್ಟಾಣಿಯವರನ್ನೇ ಸಂಪೂರ್ಣ ಚಿಟ್ಟಾಣಿ ಎಂದು ತಿಳಿಯುವ, ದೇಹ ಸಹಕರಿಸದಾಗ ಅವರು ಕಂಡುಕೊಂಡ ಉಪಾಯಗಳನ್ನೇ ಶೈಲಿಯ ಮೂಲವೆಂದು ಅನುಕರಿಸುವ ಅಪಾಯವಿದೆ. ನಲವತ್ತರ ವೇಷಧಾರಿ ಹೀಗೆ ಮೇಷ್ಟ್ರ ಮುಪ್ಪನ್ನು ಅನುಕರಿಸಿದಾಗ ಅದು ಮುಪ್ಪಿನ ವಿವೇಕವಾಗದೆ ಬರೀ ಸೋಮಾರಿತನವಾಗಿ ಕಾಣುತ್ತದೆ. ಎರಡೂ ಕಾಲವನ್ನು ಕಂಡ ಪ್ರೇಕ್ಷಕ ಇದನ್ನು ತಿದ್ದಬಲ್ಲ; ವಿಡಿಯೋ ಒಂದು ರಾತ್ರಿಯನ್ನು ಕಾಪಾಡುತ್ತದೆ, ರಾತ್ರಿಗಳ ನಡುವಿನ ಅಂತರ ಇರುವುದು ಅವನಲ್ಲಿ.

ಆಟವೇ ಈಗ ಬದಲಾಗಿದೆ. ರಾತ್ರಿ ಆರಂಭಿಸಿ ಬೆಳಗಾಗುವವರೆಗೆ ನಡೆಯುತ್ತಿದ್ದ ಪ್ರದರ್ಶನಗಳ ಜಾಗದಲ್ಲಿ, ಸಂಜೆ ಆರಂಭವಾಗಿ ಮಧ್ಯರಾತ್ರಿಯೊಳಗೆ ಮುಗಿಯುವ ಕಾಲಮಿತಿ ಯಕ್ಷಗಾನ ಹೆಚ್ಚುತ್ತಿದೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಂದು ಕ್ರಮವಾಗಿ ಬರುತ್ತಿದ್ದ, ಕಲಿಯುವ ಹುಡುಗರಿಗೆ ರಂಗದ ಭಯ ಬಿಡಿಸುತ್ತಿದ್ದ ಪೂರ್ವರಂಗ ಮೊದಲು ಕತ್ತರಿಗೆ ಸಿಕ್ಕಿತು. ಮರುದಿನ ಕಚೇರಿಗೆ ಹೋಗಬೇಕಾದ ಪ್ರೇಕ್ಷಕನಿಗೆ ಇದರಿಂದ ಅನುಕೂಲವಾಗಿದೆ ಎಂಬುದು ನಿಜ, ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳು ಹೆಚ್ಚಿವೆ ಎಂಬುದೂ ನಿಜ. ಆದರೆ ನಿಧಾನವಾಗಿ ಬಿಸಿಯೇರುವ ಪಾತ್ರಗಳಿಗೆ, ಬೆಳಗಿನ ಜಾವದ ರಾಗಗಳಿಗೆ ಹೊಂದಿಸಿದ ಪದ್ಯಗಳಿಗೆ ಈ ಅವಧಿಯಲ್ಲಿ ಎಡೆ ಕಡಿಮೆ.

ಇನ್ನು ಆಗಬೇಕಾದದ್ದು

ಚಿಟ್ಟಾಣಿಯವರ ಪಾತ್ರಗಳನ್ನು ಈಗ ಅವರ ಮಕ್ಕಳೂ, ಅವರ ಶೈಲಿಯನ್ನು ಮೆಚ್ಚಿ ಬೆಳೆದ ಇತರ ವೇಷಧಾರಿಗಳೂ ಮಾಡುತ್ತಿದ್ದಾರೆ. ಕೆರೆಮನೆ ಮಂಡಳಿ ಗುಣವಂತೆಯ ತನ್ನ ಕಲಾಕೇಂದ್ರದ ಮೂಲಕ ಶಿಕ್ಷಣ ಮತ್ತು ಪ್ರದರ್ಶನಗಳನ್ನು ಮುಂದುವರಿಸಿದೆ. ಗುಂಡಬಾಳಾದಲ್ಲಿ ಚಿಟ್ಟಾಣಿಯವರ ಹೆಸರಿನ ಯಕ್ಷಗಾನ ಸಪ್ತಾಹ ನಡೆದು ಬಂದಿದೆ. ಇಂಥ ಆಟಗಳ ಮುಂದಿನ ಸಾಲಿನಲ್ಲಿ ತಲೆ ನೆರೆತ ಪ್ರೇಕ್ಷಕರು ಕುಳಿತಿರುತ್ತಾರೆ; ಕಿರಿಯ ವೇಷಧಾರಿಯೊಬ್ಬ ಕೀಚಕನಾಗಿ ಬಂದಾಗ ಅವರ ಮನಸ್ಸಿನಲ್ಲಿ ಇನ್ನೊಬ್ಬ ಕೀಚಕ ಕುಣಿಯುತ್ತಿರುತ್ತಾನೆ. ಈ ಹೋಲಿಕೆ ಕಿರಿಯನಿಗೆ ಅನ್ಯಾಯ ಮಾಡುವ ಸಾಧ್ಯತೆ ಇದೆ, ಏಕೆಂದರೆ ಅವನ ಇಂದಿನ ಒಂದು ರಾತ್ರಿಯನ್ನು ಹಿರಿಯನ ನೂರು ರಾತ್ರಿಗಳಲ್ಲಿ ಆಯ್ದು ಉಳಿದ ಒಳ್ಳೆಯ ಕ್ಷಣಗಳ ಜೊತೆಗೆ ತೂಗಲಾಗುತ್ತದೆ. ಹಿರಿಯನಿಗೂ ಸಪ್ಪೆಯಾದ ರಾತ್ರಿಗಳಿದ್ದವು, ತಾಳ ಜಾರಿದ ಗಳಿಗೆಗಳಿದ್ದವು ಎಂಬುದನ್ನು ನೆನಪಿಟ್ಟು ಹೇಳುವ ಅಭಿಮಾನಿಯ ಮಾತಿಗೆ ಮಾತ್ರ ವಿಮರ್ಶೆಯ ತೂಕ ಬರುತ್ತದೆ.

ಈ ತಿಳಿವಳಿಕೆಯನ್ನು ಉಳಿಸಿಕೊಳ್ಳಲು ದೊಡ್ಡ ಏರ್ಪಾಡುಗಳೇನೂ ಬೇಕಾಗಿಲ್ಲ. ಹಳೆಯ ಆಟದ ಕರಪತ್ರಗಳು, ಆಮಂತ್ರಣಗಳು, ಕ್ಯಾಸೆಟ್ಟುಗಳು ಅನೇಕ ಮನೆಗಳ ಅಟ್ಟದಲ್ಲಿ ಗೆದ್ದಲಿನ ಪಾಲಾಗುತ್ತಿವೆ. ಯಾವ ದಿನ, ಯಾವ ಊರು, ಯಾವ ಪ್ರಸಂಗ, ಯಾರು ಭಾಗವತರು, ಯಾರಿಗೆ ಯಾವ ಪಾತ್ರ ಎಂಬಷ್ಟು ವಿವರವನ್ನು ಅವುಗಳಿಂದ ಎತ್ತಿ ಬರೆದರೂ ಅರ್ಧ ಶತಮಾನದ ತಿರುಗಾಟದ ನಕ್ಷೆ ಸಿದ್ಧವಾಗುತ್ತದೆ. ಅದರ ಮೇಲೆ, ಎರಡು ಕಾಲದ ಆಟಗಳನ್ನೂ ನೋಡಿದವರನ್ನು ವಿಡಿಯೋದ ಎದುರು ಕೂರಿಸಿ, ಈ ಪದ್ಯಕ್ಕೆ ಹಿಂದೆ ಏನು ಮಾಡುತ್ತಿದ್ದರು, ಯಾವಾಗ ಬಿಟ್ಟರು, ಅದರ ಜಾಗಕ್ಕೆ ಏನು ಬಂತು ಎಂದು ಕೇಳಿ ಬರೆದುಕೊಂಡರೆ, ಕಲಿಯುವವರಿಗೆ ಬೇರೆಲ್ಲೂ ಸಿಗದ ಪಠ್ಯವಾಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾಗಳ ಕಾಲೇಜುಗಳ ಕನ್ನಡ ವಿಭಾಗಗಳಿಗೆ ಇದು ಎರಡು ಬೇಸಿಗೆ ರಜೆಗಳ ಕೆಲಸ. ಕೇಳಬೇಕಾದ ಪ್ರೇಕ್ಷಕರಲ್ಲಿ ಹಲವರು ಈಗಲೇ ಎಪ್ಪತ್ತು ದಾಟಿರುವುದರಿಂದ, ಕೆಲಸವನ್ನು ಮುಂದೆ ಹಾಕುವಂತಿಲ್ಲ.